ಗೊಬ್ಬರ ಹಾಕಿದರೂ ಸಿಹಿಜೋಳದ ತೆನೆಯಲ್ಲಿ ಕಾಳು ತುಂಬುವುದಿಲ್ಲವೇಕೆ?

ಪ್ರಶ್ನೆ: ಕೈತೋಟದಲ್ಲಿ ಸಿಹಿಜೋಳ ಹಾಕಿದ್ದೆವು. ಗಿಡಗಳು ಆಳೆತ್ತರ ಬೆಳೆದವು, ಎಲೆಗಳು ಕಡು ಹಸಿರಾಗಿದ್ದವು, ತೆನೆಯೂ ದಪ್ಪಗೆ ಕಂಡಿತು. ಸುಲಿದು ನೋಡಿದರೆ ಅಲ್ಲೊಂದು ಇಲ್ಲೊಂದು ಕಾಳು, ಉಳಿದದ್ದೆಲ್ಲ ಬರೀ ದಿಂಡು. ಯಾವ ಗೊಬ್ಬರ ಹಾಕಬೇಕು?

ಪ್ರತಿ ಹಂಗಾಮಿನಲ್ಲೂ ಈ ಪ್ರಶ್ನೆ ತಪ್ಪದೆ ಬರುತ್ತದೆ. ಗಿಡಗಳ ಸಂಖ್ಯೆ ಬೇರೆಯಿರುತ್ತದೆ, ತಳಿ ಬೇರೆಯಿರುತ್ತದೆ, ಕೊನೆಯ ವಾಕ್ಯ ಮಾತ್ರ ಯಾವಾಗಲೂ ಒಂದೇ. ಕೇಳುವ ಹೊತ್ತಿಗಾಗಲೇ ರೋಗ ಯಾವುದೆಂದು ತೀರ್ಮಾನಿಸಿಯಾಗಿದ್ದು, ಮದ್ದಿನ ಹೆಸರೊಂದು ತಿಳಿದರೆ ಸಾಕು ಎಂಬ ಧಾಟಿ ಅದರಲ್ಲಿರುತ್ತದೆ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಗಿಡ ಸೊಂಪಾಗಿದ್ದು, ದಿಂಡು ಪೂರ್ತಿ ಗಾತ್ರಕ್ಕೆ ಬೆಳೆದು, ಅದರ ಮೇಲೆ ಕಾಳುಗಳು ಚದುರಿದಂತೆ ಇದ್ದರೆ, ಅಲ್ಲಿ ಕೊರತೆಯಾದದ್ದು ಪರಾಗ. ಗೊಬ್ಬರವನ್ನು ಎಷ್ಟು ಸುರಿದರೂ ಆ ಖಾಲಿ ಜಾಗಗಳು ತುಂಬುವುದಿಲ್ಲ.

ಇದು ಅರ್ಥವಾಗಬೇಕಾದರೆ ಹೂವಿನಿಂದ ಆರಂಭಿಸಬೇಕು. ಸಿಹಿಜೋಳವೂ ಮುಸುಕಿನ ಜೋಳದ ಒಂದು ಬಗೆಯೇ. ಗಂಡು ಹೂವು, ಹೆಣ್ಣು ಹೂವು ಎರಡೂ ಒಂದೇ ಗಿಡದಲ್ಲಿದ್ದರೂ ಬೇರೆ ಬೇರೆ ಜಾಗದಲ್ಲಿರುತ್ತವೆ. ನೆತ್ತಿಯ ಮೇಲೆ ಕವಲೊಡೆದು ನಿಲ್ಲುವ ಸೂಲಂಗಿ ಗಂಡು. ನಡುವಿನ ಎಲೆಯ ಕಂಕುಳಲ್ಲಿ ಮುಸುಕು ಹೊದ್ದು ಮೂಡುವ ತೆನೆ ಹೆಣ್ಣು. ಮುಸುಕಿನ ತುದಿಯಿಂದ ಇಳಿಬೀಳುವ ರೇಷ್ಮೆಯಂಥ ಕೂದಲಿಗೆ ಯಾವ ಕೆಲಸವೂ ಇಲ್ಲವೆಂದು ತಿಳಿದವರು ಬಹಳ ಮಂದಿ ಇದ್ದಾರೆ. ವಾಸ್ತವದಲ್ಲಿ ಆ ಕೂದಲಿನ ಒಂದೊಂದು ಎಳೆಯೂ ದಿಂಡಿನ ಮೇಲಿನ ಒಂದೊಂದು ಕಾಳಿಗೆ ಸೇರಿದ್ದು. ತೆನೆಯಲ್ಲಿ 500 ಕಾಳು ಕಟ್ಟಬೇಕಾದರೆ 500 ಎಳೆಗಳಿಗೂ ಪ್ರತ್ಯೇಕವಾಗಿ ಪರಾಗ ಸಿಗಬೇಕು. ಎಳೆಯ ಮೇಲೆ ಬಿದ್ದ ಪರಾಗದ ಕಣ ಮೊಳೆತು, ಅದರಿಂದ ಹೊರಟ ಸೂಕ್ಷ್ಮವಾದ ನಳಿಕೆ ಎಳೆಯ ಒಳಗೇ ಇಳಿಯುತ್ತ ಸುಮಾರು 24 ಗಂಟೆಗಳಲ್ಲಿ ಬುಡದ ಅಂಡವನ್ನು ಮುಟ್ಟುತ್ತದೆ. ಆಗ ಅಲ್ಲಿ ಕಾಳು ಕಟ್ಟುತ್ತದೆ. ಪಕ್ಕದ ಎಳೆಗೆ ಹತ್ತು ಕಣ ಬಿದ್ದಿದ್ದರೂ ಪರಾಗ ಸಿಗದ ಎಳೆಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಈ ಮಾತನ್ನು ನಂಬಲು ಕಷ್ಟವಾದರೆ ಕಣ್ಣಾರೆ ನೋಡಬಹುದು. ಕೂದಲು ಹೊರಬಂದು ಒಂದು ವಾರದ ನಂತರ ಒಂದು ತೆನೆಯನ್ನು ಇದಕ್ಕಾಗಿ ಬಿಟ್ಟುಕೊಡಿ. ಹರಿತವಾದ ಚಾಕುವಿನಿಂದ ಮುಸುಕನ್ನು ಬುಡದಿಂದ ತುದಿಯವರೆಗೆ ಉದ್ದಕ್ಕೆ ಸೀಳಿ, ಕೂದಲನ್ನು ಎಳೆಯದಂತೆ ಒಂದೊಂದೇ ಪದರವನ್ನು ಬಿಡಿಸಿ. ಬಳಿಕ ತೆನೆಯನ್ನು ತುದಿ ಕೆಳಗಾಗಿ ಹಿಡಿದು ಮೆಲ್ಲನೆ ಅಲುಗಿಸಿ. ಗರ್ಭಕಟ್ಟಿದ ಅಂಡಗಳ ಎಳೆಗಳು ಬುಡದಿಂದ ಕಳಚಿಕೊಂಡು ಉದುರುತ್ತವೆ. ಪರಾಗ ಸಿಗದ ಎಳೆಗಳು ಎಷ್ಟು ಅಲುಗಿಸಿದರೂ ಬಿಡದೆ ದಿಂಡಿಗೆ ಅಂಟಿಕೊಂಡೇ ಇರುತ್ತವೆ. ಕಾಳು ಉಬ್ಬುವುದಕ್ಕೆ ಇನ್ನೂ ದಿನಗಳಿರುವಾಗಲೇ ಎಲ್ಲೆಲ್ಲಿ ಖಾಲಿ ಬೀಳುತ್ತದೆ ಎಂಬ ನಕ್ಷೆ ನಿಮ್ಮ ಕೈಯಲ್ಲಿರುತ್ತದೆ. ಒಮ್ಮೆ ಇದನ್ನು ನೋಡಿದವರು ಮತ್ತೆ ಗೊಬ್ಬರದ ಮಾತೆತ್ತಿದ್ದನ್ನು ನಾನು ಕಂಡಿಲ್ಲ. ತೆನೆಯನ್ನು ಸೀಳಲು ಮನಸ್ಸಾಗದವರಿಗೆ ಇನ್ನೊಂದು ಗುರುತಿದೆ. ಪರಾಗ ಸಿಗುವವರೆಗೂ ಎಳೆಗಳು ಬೆಳೆಯುತ್ತಲೇ ಹೋಗುತ್ತವೆ, ಸಿಕ್ಕ ಮೇಲೆ ಬಾಡುತ್ತವೆ. ಜುಟ್ಟು ವಾರ ಕಳೆದರೂ ಬಾಡದೆ ಉದ್ದಕ್ಕೆ ಜೋತುಬಿದ್ದಿದ್ದರೆ ಅದನ್ನು ಕಂಡು ಸಂತೋಷಪಡಬೇಡಿ. ಒಳಗೆ ಕಾಳಿಲ್ಲ ಎಂಬುದರ ಸೂಚನೆ ಅದು.

ಹಾಗಾದರೆ ಗೊಬ್ಬರದ ನಂಬಿಕೆ ಇಷ್ಟು ಗಟ್ಟಿಯಾಗಿ ಕುಳಿತಿರುವುದೇಕೆ? ಬದನೆ, ಮೆಣಸಿನಕಾಯಿಗಳ ಅನುಭವವನ್ನು ನಾವು ಜೋಳಕ್ಕೂ ಹೊಂದಿಸುತ್ತೇವೆ. ಅಲ್ಲಿ ಸೊರಗಿದ ಗಿಡಕ್ಕೆ ಗೊಬ್ಬರ ಬಿದ್ದರೆ ಕಾಯಿ ಹೆಚ್ಚುವುದು ನಿಜ. ಜೋಳವೂ ಸಾರಜನಕವನ್ನು ಬಹಳವಾಗಿ ಬಯಸುವ ಬೆಳೆಯೇ ಆದ್ದರಿಂದ, ಗೊಬ್ಬರ ಹಾಕಿದ ಕೆಲವೇ ದಿನಗಳಲ್ಲಿ ಎಲೆ ಕಪ್ಪುಹಸಿರಿಗೆ ತಿರುಗುತ್ತದೆ ಮತ್ತು ನೋಡಿದವರಿಗೆ ಸಮಾಧಾನವಾಗುತ್ತದೆ. ಇನ್ನೂ ದೊಡ್ಡ ಕಾರಣವೆಂದರೆ, ಮೊದಲ ಬೆಳೆಯಲ್ಲಿ ಸೋತವರು ಎರಡನೆಯ ಸಲ ಗೊಬ್ಬರವನ್ನಷ್ಟೇ ಹೆಚ್ಚಿಸುವುದಿಲ್ಲ, ಬೀಜವನ್ನೂ ಹೆಚ್ಚಾಗಿ ಬಿತ್ತುತ್ತಾರೆ. ಗಿಡ ಹೆಚ್ಚಾದಾಗ ಪರಾಗ ಹೆಚ್ಚುತ್ತದೆ, ತೆನೆ ತುಂಬುತ್ತದೆ, ಕೀರ್ತಿ ಗೊಬ್ಬರದ ಪಾಲಾಗುತ್ತದೆ. ಹೀಗೆ ಒಂದೊಂದು ಯಶಸ್ಸೂ ತಪ್ಪು ನಂಬಿಕೆಗೆ ಸಾಕ್ಷಿಯಾಗಿ ನಿಲ್ಲುತ್ತದೆ.

ಇದನ್ನು ಬೇರ್ಪಡಿಸಿ ನೋಡಲೆಂದೇ ಒಂದು ಸಲ ಒಂದೇ ಪೊಟ್ಟಣದ 32 ಬೀಜಗಳನ್ನು ಒಂದೇ ದಿನ ನನ್ನ ತೋಟದ ಎರಡು ತುದಿಗಳಲ್ಲಿ ಹಾಕಿದೆ. 16 ಬೀಜ ಬೇಲಿಗುಂಟ ಒಂದೇ ಸಾಲಿನಲ್ಲಿ, 16 ಬೀಜ ನಾಲ್ಕು ಸಾಲುಗಳ ಚೌಕದಲ್ಲಿ. ಬೇಲಿಯ ಸಾಲಿಗೆ ಎರಡು ಪಟ್ಟು ಗೊಬ್ಬರ ಕೊಟ್ಟೆ. ಅಲ್ಲಿನ ಗಿಡಗಳು ಚೌಕದ ಗಿಡಗಳಿಗಿಂತ ಗೇಣುದ್ದ ಎತ್ತರ ಬೆಳೆದವು. ಸುಲಿದಾಗ ಅವುಗಳ ತೆನೆಗಳು ಬೊಕ್ಕುಬಾಯಿಯಂತಿದ್ದವು; ಚೌಕದ ತೆನೆಗಳಲ್ಲಿ ಕಾಳು ತುದಿಯ ಸಮೀಪದವರೆಗೂ ಒತ್ತೊತ್ತಾಗಿ ಕುಳಿತಿತ್ತು.

ಕಾರಣ ಸರಳವಾಗಿದೆ. ಜೋಳದ ಪರಾಗವನ್ನು ಒಯ್ಯುವುದು ಗಾಳಿ. ಜೇನುನೊಣ ಪರಾಗಕ್ಕಾಗಿ ಸೂಲಂಗಿಗೆ ಬರುತ್ತದೆಯೇ ಹೊರತು ಕೂದಲಿನಲ್ಲಿ ಮಕರಂದವಿಲ್ಲದ್ದರಿಂದ ಅಲ್ಲಿಗೆ ಹೋಗುವುದಿಲ್ಲ. ಆದ್ದರಿಂದ ಜೇನುಪೆಟ್ಟಿಗೆ ಇಟ್ಟರೂ ಈ ತೊಂದರೆ ನೀಗದು. ಒಂದು ಸೂಲಂಗಿ ಲಕ್ಷಗಟ್ಟಲೆ ಕಣಗಳನ್ನು ಉದುರಿಸುತ್ತದೆಯಾದರೂ ಅವು ಭಾರವಾದ ಕಣಗಳಾದ್ದರಿಂದ ಬಹುಪಾಲು ಕೆಲವೇ ಮೀಟರುಗಳೊಳಗೆ ನೆಲ ಸೇರುತ್ತವೆ. ಒಂಟಿ ಸಾಲಿಗೆ ಅಡ್ಡಲಾಗಿ ಗಾಳಿ ಬೀಸಿದರೆ ಆ ಪರಾಗವೆಲ್ಲ ಪಕ್ಕದ ಖಾಲಿ ನೆಲದ ಪಾಲಾಗುತ್ತದೆ. ಚೌಕದಲ್ಲಿ ಗಾಳಿ ಯಾವ ದಿಕ್ಕಿನಿಂದ ಬಂದರೂ ಒಂದಲ್ಲ ಒಂದು ಗಿಡದ ಕೂದಲು ಎದುರಾಗುತ್ತದೆ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟು ನಾಲ್ಕು ಸಾಲು, ಸಾಲಿಗೆ ನಾಲ್ಕು ಗಿಡ ಹಾಕಿದರೆ ಎರಡೂವರೆ ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲದ ಮಡಿ ಸಾಕು. ಇದಕ್ಕಿಂತ ಕಡಿಮೆ ಗಿಡಗಳಿಗೆ ಮಾತ್ರ ಜಾಗವಿದೆಯೆನ್ನುವವರು ಕೈಯಿಂದಲೇ ಪರಾಗ ಕೊಡಲು ಸಿದ್ಧರಿರಬೇಕು.

ಚೌಕದಷ್ಟೇ ಮುಖ್ಯವಾದದ್ದು ಬಿತ್ತನೆಯ ದಿನ. ತೆನೆಗಳು ಒಟ್ಟಿಗೆ ಬರದಿರಲಿ ಎಂದು ಒಂದೇ ಮಡಿಯಲ್ಲಿ ವಾರಕ್ಕೆ ನಾಲ್ಕೇ ಬೀಜ ಹಾಕುವವರಿದ್ದಾರೆ. ಒಂದು ಗಿಡದ ಸೂಲಂಗಿ ಪರಾಗ ಉದುರಿಸುವುದು ಸುಮಾರು ಒಂದು ವಾರ ಮಾತ್ರ, ಅದೂ ಸಾಮಾನ್ಯವಾಗಿ ಅದೇ ಗಿಡದ ಕೂದಲು ಹೊರಬರುವುದಕ್ಕಿಂತ ಒಂದೆರಡು ದಿನ ಮೊದಲೇ ಶುರುವಾಗುತ್ತದೆ. ಹಾಗಾಗಿ ಜೊತೆಯಲ್ಲೇ ಹೂಬಿಡುವ ನೆರೆಯ ಗಿಡಗಳು ಬೇಕೇ ಬೇಕು. ತೆನೆ ಬಹಳ ದಿನ ಸಿಗಬೇಕೆಂದಿದ್ದರೆ ಇಡೀ ಚೌಕವನ್ನು ಒಂದೇ ದಿನ ಬಿತ್ತಿ, ಎರಡು ಮೂರು ವಾರ ಬಿಟ್ಟು ಇನ್ನೊಂದು ಚೌಕವನ್ನು ಬಿತ್ತುವುದು ಸರಿಯಾದ ಕ್ರಮ.

ಕೈಯಿಂದ ಪರಾಗ ಕೊಡುವುದು ಮಕ್ಕಳೂ ಮಾಡಬಲ್ಲ ಕೆಲಸ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಒಂಬತ್ತರಿಂದ ಹನ್ನೊಂದರ ಸುಮಾರಿಗೆ, ಸೂಲಂಗಿಯನ್ನು ಬಾಗಿಸಿ ಒಂದು ಕಾಗದದ ಚೀಲದೊಳಗೆ ತಟ್ಟಿದರೆ ಹಳದಿ ಹುಡಿ ಉದುರುತ್ತದೆ. ಹಲವು ಗಿಡಗಳ ಹುಡಿಯನ್ನು ಸೇರಿಸಿ, ಕೂಡಲೇ ಎಲ್ಲ ತೆನೆಗಳ ಕೂದಲಿನ ಮೇಲೆ ಉದುರಿಸಿ. ಬಿಸಿಯಾದ ಒಣ ಹವೆಯಲ್ಲಿ ಅದರ ಜೀವ ಬಹಳ ಹೊತ್ತು ಉಳಿಯುವುದಿಲ್ಲ. ದಿಂಡಿನ ಬುಡದ ಎಳೆಗಳು ಮೊದಲು, ತುದಿಯ ಎಳೆಗಳು ಕೊನೆಗೆ ಹೊರಬರುವುದರಿಂದ ಒಂದು ದಿನ ಮಾಡಿ ಬಿಟ್ಟರೆ ತುದಿ ಖಾಲಿಯಾಗುತ್ತದೆ. ನಾಲ್ಕೈದು ದಿನ ಬಿಡದೆ ಮಾಡಬೇಕು. ಆ ದಿನಗಳಲ್ಲಿ ಬೆಳಗಿನ ಹೊತ್ತು ಮೇಲಿನಿಂದ ನೀರು ಚಿಮುಕಿಸಬೇಡಿ, ನೀರು ಬುಡಕ್ಕಿರಲಿ. ಹುಳುಗಳು ಕೂದಲನ್ನು ಮುಸುಕಿನವರೆಗೂ ಕತ್ತರಿಸಿ ತಿನ್ನುತ್ತಿದ್ದರೆ ಅವನ್ನು ಆರಿಸಿ ತೆಗೆಯಿರಿ, ಕತ್ತರಿಸಿಹೋದ ಕೂದಲಿಗೆ ಪರಾಗ ಹಿಡಿಯುವುದಿಲ್ಲ.

ಇಷ್ಟೆಲ್ಲ ಹೇಳಿದ್ದರಿಂದ ಗೊಬ್ಬರವೇ ಬೇಡವೆಂದು ಯಾರೂ ತಿಳಿಯಬಾರದು. ಅದರ ಕೊರತೆ ಬೇರೆ ರೀತಿಯಲ್ಲಿ ಕಾಣುತ್ತದೆ. ಕೆಳಗಿನ ಎಲೆಗಳು ತುದಿಯಿಂದ ಹಿಡಿದು ನಡುನರದ ಗುಂಟ ಹಳದಿಯಾದರೆ ಸಾರಜನಕ ಸಾಲದು. ಆಗ ಇಡೀ ತೆನೆಯೇ ಸಣ್ಣದಾಗುತ್ತದೆ. ತುದಿಯಲ್ಲಿ ಮಾತ್ರ ಬಿಳಿಚಿಕೊಂಡ, ಮುದುಡಿದ ಪುಟ್ಟ ಕಾಳುಗಳಿದ್ದರೆ, ಅವು ಪರಾಗ ಸಿಕ್ಕಿಯೂ ನೀರು ಅಥವಾ ಪೋಷಣೆ ಸಾಲದೆ ಗಿಡವೇ ಕೈಬಿಟ್ಟ ಕಾಳುಗಳು. ನಡುನಡುವೆ ಬೋಳಾದ ಚಪ್ಪಟೆ ಜಾಗಗಳಿದ್ದರೆ ಮಾತ್ರ ಅದು ಪರಾಗದ ಕತೆ. ಬಿತ್ತುವ ಮೊದಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಣ್ಣಿಗೆ ಬೆರೆಸಿ, ಗಿಡ ಮೊಣಕಾಲೆತ್ತರಕ್ಕೆ ಬಂದಾಗ ಒಮ್ಮೆ, ಸೂಲಂಗಿ ಕಾಣಿಸಿಕೊಳ್ಳುವಾಗ ಇನ್ನೊಮ್ಮೆ ಮೇಲುಗೊಬ್ಬರ ಕೊಟ್ಟು ಬುಡಕ್ಕೆ ಮಣ್ಣೇರಿಸಿದರೆ ಸಾಕಾಗುತ್ತದೆ.

ನೀರಿನ ವಿಷಯದಲ್ಲಿ ನಾನು ಹೆಚ್ಚು ನಿಷ್ಠುರ. ವಾರಕ್ಕೆ ಚದರ ಮೀಟರಿಗೆ ಸುಮಾರು 25 ಲೀಟರ್ ನೀರು ಬೇಕು, ಸೆಕೆ ಹೆಚ್ಚಿದ್ದರೆ ಅದಕ್ಕಿಂತಲೂ ಹೆಚ್ಚು. ಬೇರೆ ಸಮಯದಲ್ಲಿ ಒಂದೆರಡು ದಿನ ತಪ್ಪಿದರೆ ಗಿಡ ಸಹಿಸೀತು. ಸೂಲಂಗಿ ಮೂಡಿ ಕೂದಲು ಬರುವ ಕಾಲದಲ್ಲಿ ಮಣ್ಣು ಒಣಗಿದರೆ ಕೂದಲು ಬರುವುದು ತಡವಾಗುತ್ತದೆ, ಸೂಲಂಗಿ ಮಾತ್ರ ತನ್ನ ಸಮಯಕ್ಕೆ ಪರಾಗ ಉದುರಿಸಿ ಮುಗಿಸುತ್ತದೆ.

ಬುಡದಲ್ಲಿ ಒಡೆಯುವ ತೆಂಡೆಗಳನ್ನು ಕೀಳಬೇಕೇ ಎಂದು ಇದೇ ಪತ್ರಗಳಲ್ಲಿ ಕೇಳುತ್ತಾರೆ. ಬೇಡ, ಕಿತ್ತರೆ ಇಳುವರಿ ಹೆಚ್ಚುವುದಿಲ್ಲ. ತೆನೆಗೆ ಶಕ್ತಿ ಉಳಿಯಲೆಂದು ಸೂಲಂಗಿಯನ್ನೇ ಮುರಿದೆವು ಎಂದು ಬರೆದವರಿಗೆ ಮೇಲಿನ ಮಾತುಗಳೇ ಉತ್ತರ.

ಕೊಯ್ಲಿನ ದಿನವನ್ನು ಕೂದಲೇ ಹೇಳುತ್ತದೆ. ಕೂದಲು ಹೊರಬಂದು ಸುಮಾರು 20 ದಿನಗಳಲ್ಲಿ ಅದು ಕಂದಾಗಿ ಒಣಗಿರುತ್ತದೆ, ಮುಸುಕು ಇನ್ನೂ ಹಸಿರಾಗಿರುತ್ತದೆ. ಮುಸುಕನ್ನು ತುಸುವೇ ಸರಿಸಿ ಒಂದು ಕಾಳಿಗೆ ಉಗುರು ಊರಿ ನೋಡಿ. ನೀರು ಜಿನುಗಿದರೆ ಇನ್ನೂ ಎಳಸು, ಹಾಲು ಚಿಮ್ಮಿದರೆ ಸರಿಯಾದ ಹದ, ಹಿಟ್ಟಿನಂತೆ ಗಟ್ಟಿಯಾಗಿದ್ದರೆ ಬಲಿತಿದೆ. ಹಳೆಯ ಬಗೆಯ ಸಿಹಿಜೋಳವನ್ನು ಕೊಯ್ದು 30 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಒಂದು ದಿನ ಇಟ್ಟರೆ ಸಕ್ಕರೆಯ ಸುಮಾರು ಅರ್ಧದಷ್ಟು ಕಳೆದುಹೋಗುತ್ತದೆ. ತಿನ್ನುವ ಹೊತ್ತಿಗೆ ಕೊಯ್ಯಬಲ್ಲದ್ದೇ ಮನೆತೋಟದವರ ದೊಡ್ಡ ಅನುಕೂಲ.

ಯಾರೂ ನೇರವಾಗಿ ಕೇಳದ, ಆದರೆ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆಯಿದೆ: ಕಾಳು ತುಂಬಿದರೂ ಕೆಲವು ಸಲ ಸಿಹಿಯೇ ಇಲ್ಲವೇಕೆ? ಇಲ್ಲಿಯೂ ಪರಾಗವೇ ಕಾರಣವಾಗಿರಬಹುದು. ಬೇರೆ ತಳಿಯ ಪರಾಗ ಬಿದ್ದರೂ ನಮ್ಮ ತೋಟದ ಟೊಮೆಟೊ ಹಣ್ಣಿನ ರುಚಿ ಬದಲಾಗುವುದಿಲ್ಲ, ಏಕೆಂದರೆ ನಾವು ತಿನ್ನುವ ತಿರುಳು ತಾಯಿಗಿಡದ್ದು. ಜೋಳದಲ್ಲಿ ನಾವು ತಿನ್ನುವುದು ಬೀಜವನ್ನೇ. ಹೂಬಿಡುವ ಗಿಡಗಳಲ್ಲಿ ಪರಾಗದ ಒಂದು ಕೋಶ ಭ್ರೂಣವನ್ನೂ ಇನ್ನೊಂದು ಕೋಶ ಭ್ರೂಣದ ಆಹಾರಭಾಗವನ್ನೂ ಉಂಟುಮಾಡುತ್ತದೆ ಎಂಬುದನ್ನು 1898ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಸೆರ್ಗೈ ನವಾಶಿನ್ ತೋರಿಸಿಕೊಟ್ಟರು. ಆ ಆಹಾರಭಾಗವೇ ನಮ್ಮ ಬಾಯಿಗೆ ಸಿಹಿಯಾಗುವುದು. ಅದರಲ್ಲಿ ಎರಡು ಪಾಲು ತಾಯಿಯದು, ಒಂದು ಪಾಲು ತಂದೆಯದು. ಸಿಹಿಯ ಗುಣ ಬಲಹೀನವಾದ ವಂಶವಾಹಿಯಿಂದ ಬರುವುದರಿಂದ, ಸಾಮಾನ್ಯ ಮುಸುಕಿನ ಜೋಳದ ಪರಾಗ ಬಿದ್ದ ಕಾಳು ಅದೇ ಬೆಳೆಯಲ್ಲಿಯೇ ಪಿಷ್ಟ ತುಂಬಿ ಗಟ್ಟಿಯಾಗುತ್ತದೆ.

ಎರಡು ಬಗೆಯ ಸಿಹಿಜೋಳಗಳನ್ನು ಅಕ್ಕಪಕ್ಕ ಹಾಕಿದರೂ ಹೀಗಾಗಬಹುದು. ಬಹಳ ದಿನ ಸಿಹಿ ಉಳಿಯುವ ಈಗಿನ ಹೆಚ್ಚುಸಿಹಿ ತಳಿಗಳು ಬಂದದ್ದು, ಬೀಜವನ್ನು ಮುದುಡಿಸುವ ಒಂದು ವಂಶವಾಹಿಯಿಂದ. ಅದು ಸಕ್ಕರೆಯನ್ನು ಹೆಚ್ಚಿಸುವ ಬಗೆಯನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ 1953ರಲ್ಲಿ ಪ್ರಕಟಿಸಿದರು. ಹಳೆಯ ಸಿಹಿಜೋಳದ ವಂಶವಾಹಿ ಬೇರೆ. ಇವೆರಡೂ ಬೆರೆತ ಕಾಳಿನಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುವುದರಿಂದ ಸಿಹಿ ಎರಡೂ ಕಡೆಯಿಂದ ತಪ್ಪಿಹೋಗುತ್ತದೆ. ಅಂದಹಾಗೆ, ಪೊಟ್ಟಣ ಒಡೆದಾಗ ಸುಕ್ಕುಗಟ್ಟಿದ ಬೀಜ ಕಂಡು ಹಳೆಯ ಬೀಜ ಕೊಟ್ಟರೆಂದು ದೂರುವವರು ಗಮನಿಸಬೇಕು: ಪಿಷ್ಟ ಕಡಿಮೆಯಿರುವ ಈ ಬೀಜ ಒಣಗಿದಾಗ ಸುಕ್ಕಾಗುವುದೇ ಸಹಜ. ಹೆಚ್ಚುಸಿಹಿ ತಳಿಗಳಲ್ಲಿ ಸುಕ್ಕು ಇನ್ನೂ ಹೆಚ್ಚು. ಮೊಳಕೆಗೆ ಬೇಕಾದ ಕೂಡಿಟ್ಟ ಆಹಾರ ಕಡಿಮೆಯಾದ್ದರಿಂದ ಅವನ್ನು ಎರಡೂವರೆ ಸೆಂಟಿಮೀಟರಿಗಿಂತ ಆಳಕ್ಕೆ ಹಾಕದೆ, ಮಣ್ಣು 18 ಡಿಗ್ರಿಗಿಂತ ಬೆಚ್ಚಗಿರುವಾಗ ಬಿತ್ತಿ, ಮೊಳೆಯುವವರೆಗೂ ತೇವ ಆರದಂತೆ ನೋಡಿಕೊಳ್ಳಬೇಕು.

ನೆರೆಯಲ್ಲಿ ಬೇರೆ ಬಗೆಯ ಜೋಳವಿದ್ದರೆ ನೂರು ಮೀಟರ್ ದೂರ ಬಿಡುವುದು ಮನೆತೋಟದಲ್ಲಿ ಆಗದ ಮಾತು. ಅದರ ಬದಲು ಎರಡೂ ಒಟ್ಟಿಗೆ ಹೂಬಿಡದಂತೆ ಎರಡು ವಾರಗಳ ಅಂತರವಿಡಿ. ಪೊಟ್ಟಣದ ಮೇಲೆ ಕೊಯ್ಲಿಗೆ ಎಷ್ಟು ದಿನ ಎಂದು ಬರೆದಿರುತ್ತದೆ; ಎರಡೂ ತಳಿಗಳ ದಿನಗಳನ್ನು ಹೋಲಿಸಿಕೊಂಡು, ಬೇಗ ಬರುವುದನ್ನು ಮೊದಲು ಬಿತ್ತಿ, ತಡವಾಗಿ ಬರುವುದನ್ನು ನಂತರ ಬಿತ್ತಿದರೆ ಆ ಅಂತರ ತಾನಾಗಿಯೇ ದೊರೆಯುತ್ತದೆ.