ಓದುಗರ ಪ್ರಶ್ನೆ: ಕಾರು ಅಷ್ಟು ಚೆಂದ ಇದ್ದರೂ ರೀಮೇಕ್ ಯಾಕೆ ಸಪ್ಪೆ?

ಪ್ರಶ್ನೆ: ನಿಕೋಲಸ್ ಕೇಜ್ ಇರುವ 'ಗಾನ್ ಇನ್ 60 ಸೆಕೆಂಡ್ಸ್' ನೋಡಿದೆವು. ಭರ್ಜರಿಯಾಗಿದೆ. ಆದರೂ ಹಳಬರು 1974ರ ಮೂಲ ಚಿತ್ರವೇ ಮೇಲು ಅಂತಾರಲ್ಲ, ಯಾಕೆ? – ತುಮಕೂರಿನ ಓದುಗರು

ಉತ್ತರ: ಹಳಬರ ಮಾತಿನಲ್ಲಿ ಹುರುಳಿದೆ. ಹಳೇ ಚಿತ್ರದಲ್ಲಿ ಕಾರಿನ ತೂಕ ಕಣ್ಣಿಗೆ ಕಾಣುತ್ತದೆ. 2000ದ ರೀಮೇಕ್‌ನಲ್ಲಿ ಕಾರಿನ ಅಂದ ಕಾಣುತ್ತದೆ.

ಕೊನೆಯ ಜಿಗಿತವನ್ನೇ ನೋಡಿ. ಹಳೇ ಚಿತ್ರವನ್ನು ಎಚ್.ಬಿ. ಹ್ಯಾಲಿಕಿ ತಾವೇ ಬರೆದು, ನಿರ್ದೇಶಿಸಿ, ತಾವೇ ಸ್ಟೀರಿಂಗ್ ಹಿಡಿದು ಹಳದಿ ಮಸ್ಟಾಂಗ್ ಕಾರನ್ನು 128 ಅಡಿ ಹಾರಿಸಿದರು. ನಮ್ಮ ಮೂರು ಕೆಎಸ್‌ಆರ್‌ಟಿಸಿ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದರೂ ಅಷ್ಟು ಉದ್ದ ಬರುವುದಿಲ್ಲ. ಇಂಜಿನ್ ಮುಂದಿರುವ ಕಾರು ಹಾರಿದರೆ ಮೂತಿ ತಗ್ಗುತ್ತದೆ, ನೆಲಕ್ಕೆ ಮೊದಲು ಬಡಿಯುವುದೂ ಮೂತಿಯೇ. ಆ ಪೆಟ್ಟಿಗೆ ಹ್ಯಾಲಿಕಿಯವರ ಬೆನ್ನುಮೂಳೆಗೇ ಏಟಾಯಿತು. ರೀಮೇಕ್‌ನಲ್ಲಿ ಬೂದು ಬಣ್ಣದ 1967ರ ಶೆಲ್ಬಿ ಜಿಟಿ500 ಕಾರು ಸೇತುವೆ ಮೇಲೆ ಹಾರುವುದು ಕಂಪ್ಯೂಟರ್ ಕೈಚಳಕ. ಅದು ತೇಲಿದ ಹಾಗೆ ಕಾಣುತ್ತದೆ, ಮೈ ಜುಮ್ಮೆನ್ನುವುದಿಲ್ಲ.

ಇನ್ನೊಂದು, ವೇಗ. ನಿಮ್ಮೂರಿನ ಬಿ.ಎಚ್. ರಸ್ತೆಯಲ್ಲಿ 60ರಲ್ಲಿ ಹೋದರೆ ಎದೆ ಢವಢವ ಅನ್ನುತ್ತದೆ. ಕ್ಯಾತಸಂದ್ರ ದಾಟಿ ಹೈವೇಯಲ್ಲಿ 100 ಹೋದರೂ ಏನೂ ಅನ್ನಿಸುವುದಿಲ್ಲ. ಅಂಗಡಿ, ಕಂಬ, ಜನ ಹತ್ತಿರವಿದ್ದಷ್ಟೂ ವೇಗ ಹೆಚ್ಚಾಗಿ ಕಾಣುತ್ತದೆ. ಅದಕ್ಕೇ ಚೇಸ್ ತೆಗೆಯುವವರು ಕ್ಯಾಮೆರಾವನ್ನು ಬಂಪರ್ ಮಟ್ಟಕ್ಕೆ ಇಳಿಸುತ್ತಾರೆ. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಬದಲು 20 ಮಾತ್ರ ಚಿತ್ರೀಕರಿಸಿ, ಮಾಮೂಲಿಯಂತೆ 24ರಲ್ಲೇ ಓಡಿಸಿದರೆ 60 ಕಿ.ಮೀ. ವೇಗ 72ರಂತೆ ಕಾಣುತ್ತದೆ. ಇದನ್ನು ಅತಿ ಮಾಡಿದರೆ ಕೆಟ್ಟಿತು: ದಾರಿಹೋಕರು ಬೊಂಬೆಗಳ ಹಾಗೆ ಪಟಪಟ ನಡೆಯುತ್ತಾರೆ, ಗುಟ್ಟು ರಟ್ಟಾಗುತ್ತದೆ.

ಹಳೇ ಚಿತ್ರದ ಚೇಸ್ ಸುಮಾರು 40 ನಿಮಿಷ. ಚಿತ್ರದಲ್ಲಿ ನುಜ್ಜುಗುಜ್ಜಾದ ಕಾರುಗಳು 93. ಹೆದ್ದಾರಿಯಲ್ಲಿ ಮಸ್ಟಾಂಗ್ ದೀಪದ ಕಂಬಕ್ಕೆ ಗುದ್ದುವುದು ನಿಜವಾದ ಅಪಘಾತ, ಅದನ್ನು ಹಾಗೇ ಉಳಿಸಿಕೊಂಡರು. ಇಂಥ ದೃಶ್ಯ ದುಡ್ಡು ಸುರಿದರೆ ಸಿಗುವುದಲ್ಲ.

ಹಾಗಂತ ರೀಮೇಕ್ ಸೋಲಲಿಲ್ಲ. ವಿಮರ್ಶಕರು ಹೆಚ್ಚಿನವರು ಬೈದರು, ಗಳಿಕೆ ಮಾತ್ರ ಜಗತ್ತಿನಾದ್ಯಂತ 23 ಕೋಟಿ ಡಾಲರ್ ದಾಟಿತು. ಆ ಶೆಲ್ಬಿಯ ನಕಲುಗಳನ್ನು ಜನ ಇಂದಿಗೂ ಕಟ್ಟಿಸಿಕೊಳ್ಳುತ್ತಾರೆ. ಕಥೆಯ ಹದ ನೋಡಿದರೆ ಹಳೆಯದೇ ಒರಟು: ಮೊದಲರ್ಧ ಎಳೆದಾಡುತ್ತದೆ, ಮಾತುಗಳು ಸಡಿಲ. ಪುರುಸೊತ್ತಿಲ್ಲದವರು ಕೊನೆಯ ಚೇಸ್‌ನಿಂದ ಶುರು ಮಾಡಿದರೂ ನಷ್ಟವಿಲ್ಲ.

ಎರಡನ್ನೂ ಹೋಲಿಸುವಾಗ ಮಾತ್ರ ಸೌಂಡ್ ಪೂರ್ತಿ ಮ್ಯೂಟ್ ಮಾಡಿ. ಹಳೇ ಚಿತ್ರದ ಈಚಿನ ಡಿಸ್ಕ್‌ಗಳಲ್ಲಿ ಮೂಲ ಸಂಗೀತ ತೆಗೆದು ಬೇರೆಯದನ್ನು ಕೂಡಿಸಿದ್ದಾರೆ. ಅದನ್ನು ಕೇಳಿ 1974ರ ಚಿತ್ರಕ್ಕೆ ಅಂಕ ಕೊಟ್ಟರೆ ಅನ್ಯಾಯವಾಗುತ್ತದೆ. ಬ್ರೇಕ್ ಹಾಕಿದಾಗ ಮೂತಿ ಎಷ್ಟು ಬಗ್ಗುತ್ತದೆ, ತಿರುವಿನಲ್ಲಿ ಬಾಡಿ ಎತ್ತ ವಾಲುತ್ತದೆ, ಅಷ್ಟನ್ನೇ ಗಮನಿಸಿ.