ವಿದಾಯದ ದಿನವನ್ನು ಆಟಗಾರನೇ ಆರಿಸಿಕೊಂಡಾಗ

ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಗೆ ನಾಲ್ಕು ದಿನ ಉಳಿದಿದ್ದಾಗ, 2024ರ ಜುಲೈ 22ರಂದು, ಭಾರತ ಹಾಕಿ ತಂಡದ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಇದು ತಮ್ಮ ಕೊನೆಯ ಟೂರ್ನಿ ಎಂದು ಪ್ರಕಟಿಸಿದರು. ಸುದ್ದಿ ಕೇಳಿದ ಅಭಿಮಾನಿಗಳಲ್ಲಿ ಬೇಸರ ಎಷ್ಟಿತ್ತೋ ಅಚ್ಚರಿಯೂ ಅಷ್ಟೇ ಇತ್ತು. ಮೂವತ್ತಾರು ವರ್ಷದ ಆಟಗಾರ ನಿವೃತ್ತನಾಗುವುದು ಅಚ್ಚರಿಯಲ್ಲ. ತಂಡದಲ್ಲಿ ಸ್ಥಾನ ಭದ್ರವಾಗಿರುವಾಗಲೇ ಇಂಥ ದಿನ ಹೋಗುತ್ತೇನೆಂದು ಮೊದಲೇ ಹೇಳಿ, ಹೇಳಿದ ದಿನವೇ ಗೋಲುಪೆಟ್ಟಿಗೆಯ ಮುಂದೆ ನಿಂತು ಆಡಿ ಹೋಗುವುದು ಭಾರತೀಯ ಹಾಕಿಯಲ್ಲಿ ಅಪರೂಪ. ನಮ್ಮ ಹಾಕಿಯ ಬಹುಪಾಲು ದಿಗ್ಗಜರು ನಿವೃತ್ತರಾದವರಲ್ಲ, ಕೈಬಿಡಲ್ಪಟ್ಟವರು. ಶ್ರೀಜೇಶ್ ವಿದಾಯಕ್ಕೆ ಅಭಿಮಾನಿಗಳು ಅಷ್ಟೊಂದು ಭಾವುಕರಾಗಿ ಸ್ಪಂದಿಸಿದ್ದು ಏಕೆಂದು ತಿಳಿಯಬೇಕಾದರೆ ಈ ಹಳೆಯ ಲೆಕ್ಕವನ್ನು ತೆರೆದು ನೋಡಬೇಕಾಗುತ್ತದೆ.

ಮೊದಲು ಪ್ಯಾರಿಸ್‌ನಲ್ಲಿ ನಡೆದದ್ದನ್ನು ನೆನೆಯೋಣ. 1924ರ ಒಲಿಂಪಿಕ್ಸ್‌ನ ಮುಖ್ಯ ಕ್ರೀಡಾಂಗಣವಾಗಿದ್ದ ಕೊಲೊಂಬ್‌ನ ಈವ್ ದು ಮನ್ವಾರ್ ಅಂಗಳದಲ್ಲಿ ಆಗಸ್ಟ್ 4ರಂದು ಗ್ರೇಟ್ ಬ್ರಿಟನ್ ವಿರುದ್ಧ ಕ್ವಾರ್ಟರ್ ಫೈನಲ್. ಎರಡನೇ ಕ್ವಾರ್ಟರ್‌ನ ಆರಂಭದಲ್ಲೇ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಸಿಕ್ಕಿ, ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಭಾರತ ಹತ್ತು ಜನರಲ್ಲೇ ಆಡಬೇಕಾಯಿತು. ಪಂದ್ಯ 1-1ರಲ್ಲಿ ಮುಗಿದು ಶೂಟೌಟ್‌ಗೆ ಹೋಯಿತು. ಶೂಟೌಟ್ ಎಂದರೆ 23 ಮೀಟರ್ ಗೆರೆಯಿಂದ ಚೆಂಡು ಹಿಡಿದು ಬರುವ ಆಟಗಾರ ಎಂಟು ಸೆಕೆಂಡುಗಳ ಒಳಗೆ ಗೋಲು ಹೊಡೆಯಬೇಕಾದ, ಅವನೊಬ್ಬ ಗೋಲ್‌ಕೀಪರ್ ಒಬ್ಬ ಎಂಬಂಥ ಸೆಣಸು. ಇಲ್ಲಿ ಶ್ರೀಜೇಶ್ ಅವಸರಪಡುವವರಲ್ಲ. ಮೊದಲು ಮುಂದೆ ನುಗ್ಗಿ ಕೋನವನ್ನು ಕಿರಿದು ಮಾಡುತ್ತಾರೆ, ನಂತರ ಆಟಗಾರನ ಜೊತೆ ಜೊತೆಗೇ ಹಿಂದೆ ಸರಿಯುತ್ತ ಸೆಕೆಂಡುಗಳನ್ನು ಕರಗಿಸುತ್ತಾರೆ, ಎದುರಾಳಿಯೇ ಗಡಿಬಿಡಿಗೆ ಬಿದ್ದು ತಪ್ಪು ಮಾಡುವಂತೆ ನೋಡಿಕೊಳ್ಳುತ್ತಾರೆ. ಕಾನರ್ ವಿಲಿಯಮ್ಸನ್ ಚೆಂಡನ್ನು ಪೆಟ್ಟಿಗೆಯ ಮೇಲೆ ಹಾರಿಸಿದರು, ಫಿಲ್ ರೋಪರ್ ಅವರ ಯತ್ನವನ್ನು ಶ್ರೀಜೇಶ್ ತಡೆದರು. ರಾಜ್‌ಕುಮಾರ್ ಪಾಲ್ ನಾಲ್ಕನೆಯ ಗೋಲು ಹೊಡೆದಾಗ ಭಾರತ 4-2ರಿಂದ ಸೆಮಿಫೈನಲ್ ಸೇರಿತ್ತು.

ಸೆಮಿಫೈನಲ್‌ನಲ್ಲಿ ಜರ್ಮನಿ 3-2ರಿಂದ ಗೆದ್ದಿತು. ಹಾಗಾಗಿ ಆಗಸ್ಟ್ 8ರಂದು ಸ್ಪೇನ್ ವಿರುದ್ಧ ಕಂಚಿಗಾಗಿ ನಡೆದ ಪಂದ್ಯವೇ ಶ್ರೀಜೇಶ್ ಅವರ ಕೊನೆಯ ಪಂದ್ಯವಾಯಿತು. ಹರ್ಮನ್‌ಪ್ರೀತ್ ಸಿಂಗ್ ಅವರ ಎರಡು ಗೋಲುಗಳಿಂದ ಭಾರತ 2-1ರಿಂದ ಮುಂದಿದ್ದಾಗ ಸ್ಪೇನ್‌ಗೆ ಕಡೆಯ ಗಳಿಗೆಯಲ್ಲಿ ಪೆನಾಲ್ಟಿ ಕಾರ್ನರ್ (ರಕ್ಷಣಾ ತಂಡದ ತಪ್ಪಿಗೆ ಎದುರಾಳಿಗೆ ಸಿಗುವ ಗೋಲು ಯತ್ನದ ಅವಕಾಶ) ದೊರೆಯಿತು, ಅದು ಗೋಲಾಗದೆ ಭಾರತಕ್ಕೆ ಕಂಚು ಬಂತು. ಟೋಕಿಯೊದಲ್ಲಿಯೂ ಇದೇ ಕಥೆ ನಡೆದಿತ್ತು. 2021ರ ಆಗಸ್ಟ್ 5ರಂದು ಜರ್ಮನಿ ವಿರುದ್ಧ 5-4ರ ಮುನ್ನಡೆಯಲ್ಲಿದ್ದಾಗ, ಕೆಲವೇ ಸೆಕೆಂಡು ಉಳಿದಿರುವಾಗ ಎದುರಾದ ಪೆನಾಲ್ಟಿ ಕಾರ್ನರನ್ನು ತಡೆದೇ ಶ್ರೀಜೇಶ್ 41 ವರ್ಷಗಳ ಪದಕದ ಬರ ನೀಗಿಸಿದ್ದರು. ಎರಡೂ ಬಾರಿ ಅವರು ಗೋಲುಪೆಟ್ಟಿಗೆಯ ಮೇಲೆ ಹತ್ತಿ ಕುಳಿತರು. ಆದರೆ ಪ್ಯಾರಿಸ್‌ನಲ್ಲಿ ಅದಕ್ಕಿಂತ ಮೊದಲು ಪ್ಯಾಡು, ಸ್ಟಿಕ್ಕುಗಳನ್ನು ಟರ್ಫ್ ಮೇಲಿಟ್ಟು ಪೆಟ್ಟಿಗೆಯ ಮುಂದೆ ಬಾಗಿ ನಮಸ್ಕರಿಸಿದರು. ನಾಯಕ ಹರ್ಮನ್‌ಪ್ರೀತ್ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಸಮಾರೋಪದಲ್ಲಿ ಮನು ಭಾಕರ್ ಜೊತೆ ಶ್ರೀಜೇಶ್ ರಾಷ್ಟ್ರಧ್ವಜ ಹಿಡಿದರು. ವಾರದೊಳಗೆ ದೇಶದ ಹಾಕಿ ಆಡಳಿತ ಸಂಸ್ಥೆಯಾದ ಹಾಕಿ ಇಂಡಿಯಾ ಸೀನಿಯರ್ ತಂಡದಲ್ಲಿ ಅವರ 16ನೇ ನಂಬರಿನ ಜರ್ಸಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಘೋಷಿಸಿ, ಅವರಿಗೆ ಜೂನಿಯರ್ ತಂಡದ ಕೋಚ್ ಹೊಣೆಯನ್ನೂ ಒಪ್ಪಿಸಿತು.

ಇಷ್ಟೆಲ್ಲ ಒಬ್ಬರಿಗೆ ಸಿಕ್ಕಾಗ, ಅದರಲ್ಲಿ ಕಾಲುಭಾಗವೂ ಸಿಗದೆ ಹೋದವರ ನೆನಪು ಹಳೆಯ ಅಭಿಮಾನಿಗಳಿಗೆ ಬಾರದಿರಲು ಸಾಧ್ಯವಿಲ್ಲ. ಬೆಂಗಳೂರಿನವರಿಗಂತೂ ಮೊದಲು ನೆನಪಾಗುವ ಹೆಸರು ಗೋಲ್‌ಕೀಪರ್ ಆಶಿಶ್ ಬಲ್ಲಾಳ್. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಪಂದ್ಯ ಸಮವಾಗಿ ಪೆನಾಲ್ಟಿ ಸ್ಟ್ರೋಕ್‌ಗಳಿಗೆ ಹೋದಾಗ, ಅವರು ಮಾಡಿದ ತಡೆಗಳಿಂದ ಭಾರತಕ್ಕೆ 32 ವರ್ಷಗಳ ನಂತರ ಏಷ್ಯಾಡ್ ಚಿನ್ನ ಬಂದಿತ್ತು. ಆಗ ಎಂಟು ಸೆಕೆಂಡಿನ ಶೂಟೌಟ್ ಇರಲಿಲ್ಲ. ಕೇವಲ 6.4 ಮೀಟರ್ ದೂರದಿಂದ ಬರುವ ಚೆಂಡನ್ನು ತಡೆಯಬೇಕಿತ್ತು, ಕರಗಿಸಲು ಸಮಯವೂ ಇರಲಿಲ್ಲ. ಆ ಚಿನ್ನದ ಬೆನ್ನಲ್ಲೇ ಅಂದಿನ ಭಾರತೀಯ ಹಾಕಿ ಫೆಡರೇಶನ್ ಬಲ್ಲಾಳ್ ಮತ್ತು ನಾಯಕ ಧನರಾಜ್ ಪಿಳ್ಳೆ ಸೇರಿದಂತೆ ಹಲವರನ್ನು ತಂಡದಿಂದ ಹೊರಗಿಟ್ಟಿತು, ಕೋಚ್ ಎಂ.ಕೆ. ಕೌಶಿಕ್ ಅವರೂ ಸ್ಥಾನ ಕಳೆದುಕೊಂಡರು. ಆಟಗಾರರಿಗೆ ‘ವಿಶ್ರಾಂತಿ’ ನೀಡಲಾಗಿದೆ ಎಂಬುದು ಅಧಿಕೃತ ವಿವರಣೆ. ಭತ್ಯೆ ಕೇಳಿದ್ದೇ ಮುಳುವಾಯಿತು ಎಂಬುದು ಹೊರಗೆ ವ್ಯಾಪಕವಾಗಿದ್ದ ಮಾತು. ದೇಶಕ್ಕೆ ಚಿನ್ನ ತಂದ ಗೋಲ್‌ಕೀಪರ್‌ಗೆ ವಿದಾಯ ಪಂದ್ಯ ಕೊಡುವ ಯೋಚನೆ ಯಾರಿಗೂ ಬಂದಂತಿರಲಿಲ್ಲ.

ಧನರಾಜ್ ಮರಳಿದರು, ಆದರೆ ಅವರ ಕೊನೆ ಇನ್ನಷ್ಟು ಕಹಿಯಾಯಿತು. 1989ರಿಂದ 2004ರವರೆಗೆ 339 ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿ, ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್‌ಗಳನ್ನು ಕಂಡ ಆಟಗಾರ ಅವರು. ಅಥೆನ್ಸ್ ಒಲಿಂಪಿಕ್ಸ್‌ಗೆ ಸ್ವಲ್ಪವೇ ಮುಂಚೆ ಕೋಚ್ ರಾಜಿಂದರ್ ಸಿಂಗ್ ಅವರನ್ನು ತೆಗೆದು ಜರ್ಮನಿಯ ಗೆರ್ಹಾರ್ಡ್ ರಾಖ್ ಅವರನ್ನು ತರಲಾಗಿತ್ತು. ಹೊಸ ಕೋಚ್‌ನ ಲೆಕ್ಕಾಚಾರದಲ್ಲಿ ಧನರಾಜ್‌ಗೆ ಹೆಚ್ಚು ಜಾಗವಿರಲಿಲ್ಲ. ಭಾರತ ಏಳನೇ ಸ್ಥಾನಕ್ಕೆ ಆಡಿದ ಆ ಕೂಟದಲ್ಲಿ ಅವರು ಬಹಳಷ್ಟು ಹೊತ್ತು ಬೆಂಚಿನ ಮೇಲೆ ಕುಳಿತೇ ಕಳೆದರು. ತಲೆಗೂದಲು ಗಾಳಿಗೆ ಹಾರಿಸುತ್ತ ನುಗ್ಗುತ್ತಿದ್ದ ಧನರಾಜ್‌ರನ್ನು ನೋಡಿ ಹಾಕಿ ಹಿಡಿದ ಒಂದು ಇಡೀ ತಲೆಮಾರಿಗೆ ಅವರ ಕೊನೆಯ ಚಿತ್ರವಾಗಿ ಉಳಿದದ್ದು ಆ ಬೆಂಚು. ಕ್ರಿಕೆಟಿಗರಿಗೆ ಭರ್ತಿ ಕ್ರೀಡಾಂಗಣದಲ್ಲಿ ಬೀಳ್ಕೊಡುಗೆ ನಡೆಯುವುದನ್ನು ನೋಡಿದಾಗಲೆಲ್ಲ ಹಾಕಿ ಅಭಿಮಾನಿಗಳು ಧನರಾಜ್ ಹೆಸರೆತ್ತುವುದು ಬರೀ ಹೊಟ್ಟೆಕಿಚ್ಚಿನಿಂದಲ್ಲ.

ಇದಕ್ಕೆ ಯಾರದೋ ಒಬ್ಬರ ದುರುದ್ದೇಶವಷ್ಟೇ ಕಾರಣ ಎಂದರೆ ಅರ್ಧ ಸತ್ಯವಾಗುತ್ತದೆ. ಹಾಕಿ ಆಟಗಾರನ ಬದುಕು ನಡೆಯುತ್ತಿದ್ದುದು ರೈಲ್ವೆ, ಏರ್ ಇಂಡಿಯಾ, ಇಂಡಿಯನ್ ಆಯಿಲ್, ಸೇನೆ, ಪೊಲೀಸ್ ಇಲಾಖೆಗಳ ನೌಕರಿಯ ಮೇಲೆ. ದೇಶದ ತಂಡದಲ್ಲಿ ಇದ್ದಾನೋ ಇಲ್ಲವೋ ಎಂಬುದು ಆ ನೌಕರಿಯಲ್ಲಿ ಬಡ್ತಿ, ರಜೆ, ಗೌರವ ಎಲ್ಲವನ್ನೂ ನಿರ್ಧರಿಸುತ್ತಿತ್ತು. ಹೀಗಿರುವಾಗ ತಾನಾಗಿ ‘ಸಾಕು’ ಎನ್ನುವವನು ಯಾರು? ಕರೆ ಬರುವವರೆಗೆ ಕಾಯುವುದು, ಶಿಬಿರದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮುಂದಿನ ಪಟ್ಟಿಗೆ ಕಾಯುವುದು, ಮೂರ್ನಾಲ್ಕು ಪಟ್ಟಿಗಳಾದ ಮೇಲೆ ತನ್ನ ಆಟ ಮುಗಿದಿದೆ ಎಂದು ಅರ್ಥಮಾಡಿಕೊಳ್ಳುವುದು: ನಿವೃತ್ತಿ ಎಂದರೆ ಇಷ್ಟೇ ಆಗಿತ್ತು. 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಸೋತು ಭಾರತ ಮೊದಲ ಬಾರಿಗೆ ಒಲಿಂಪಿಕ್ಸ್ ಅರ್ಹತೆ ಕಳೆದುಕೊಂಡಿತು, ಹಳೆಯ ಫೆಡರೇಶನ್ ಅಮಾನತಾಯಿತು, ಮರುವರ್ಷ ಹಾಕಿ ಇಂಡಿಯಾ ಹುಟ್ಟಿತು. ಆದರೂ 2010ರ ಜನವರಿಯಲ್ಲಿ, ವಿಶ್ವಕಪ್ ಎದುರಿಗಿರುವಾಗ, ಪುಣೆ ಶಿಬಿರದ ಆಟಗಾರರು ಬರಬೇಕಾದ ಹಣಕ್ಕಾಗಿ ಅಭ್ಯಾಸ ಬಹಿಷ್ಕರಿಸಬೇಕಾಯಿತು. ಕೊಡಬೇಕಾದ್ದನ್ನೇ ಕೊಡದಿದ್ದ ವ್ಯವಸ್ಥೆಯಿಂದ ಬೀಳ್ಕೊಡುಗೆ ನಿರೀಕ್ಷಿಸುವುದು ದೂರದ ಮಾತಾಗಿತ್ತು.

ಶ್ರೀಜೇಶ್ ಬೆಳೆದದ್ದು ಈ ಎರಡು ಕಾಲಗಳ ಸಂಧಿಯಲ್ಲಿ. ಎರ್ನಾಕುಲಂ ಜಿಲ್ಲೆಯ ಕಿಳಕ್ಕಂಬಲಂ ಊರಿನ ಕೃಷಿಕರ ಮಗ, ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾಶಾಲೆ ಸೇರಿ ಅಲ್ಲಿ ಗೋಲ್‌ಕೀಪರ್ ಆದವರು. ಮಗನಿಗೆ ಪ್ಯಾಡ್ ಕೊಡಿಸಲು ತಂದೆ ಹಸು ಮಾರಿದ ಸಂಗತಿಯನ್ನು ಅವರು ಅನೇಕ ಸಲ ಹೇಳಿಕೊಂಡಿದ್ದಾರೆ. 2006ರಲ್ಲಿ ಸೀನಿಯರ್ ತಂಡಕ್ಕೆ ಬಂದರೂ ಖಾಯಂ ಆಗಲು ಐದಾರು ವರ್ಷ ಹಿಡಿಯಿತು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಶೂಟೌಟ್ ಗೆದ್ದುಕೊಟ್ಟಾಗ ಮನೆಮಾತಾದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಾಯಕರಾದರು. ಅವರ ಕಥೆಯೂ ಹಳೆಯ ಜಾಡಿನಲ್ಲೇ ಮುಗಿಯಬಹುದಾಗಿದ್ದ ಗಳಿಗೆ ಬಂದದ್ದು 2017ರಲ್ಲಿ. ಮಲೇಷ್ಯಾದ ಅಜ್ಲಾನ್ ಶಾ ಕಪ್‌ನಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದು ತಿಂಗಳುಗಟ್ಟಲೆ ಹೊರಗುಳಿದರು. ಕೆಳಗೆ ಕೂತು, ಒಂದು ಕಾಲು ಚಾಚಿ ಚೆಂಡು ತಡೆಯುವುದೇ ಕೆಲಸವಾಗಿರುವ ಗೋಲ್‌ಕೀಪರ್‌ಗೆ ಮೊಣಕಾಲು ಹೋಯಿತೆಂದರೆ ಆಟವೇ ಹೋದಂತೆ. ಆದರೆ 2018ರಲ್ಲಿ ಅವರು ಮರಳಿದರು, ಅದೇ ವರ್ಷ ಬ್ರೆಡಾದ ಚಾಂಪಿಯನ್ಸ್ ಟ್ರೋಫಿಯಲ್ಲಿ ಅತ್ಯುತ್ತಮ ಗೋಲ್‌ಕೀಪರ್ ಎನಿಸಿಕೊಂಡರು. ಶಸ್ತ್ರಚಿಕಿತ್ಸೆ, ಪುನಶ್ಚೇತನ, ಕಾಯ್ದಿರಿಸಿದ ಸ್ಥಾನ ಇವು ಹಿಂದಿನವರಿಗೆ ಇರದಿದ್ದ ಅನುಕೂಲಗಳು ಎಂಬುದನ್ನು ಮರೆಯಬಾರದು.

ಕೇರಳದ ಹಿರಿಯರು ಈ ಮಾತಿಗೆ ಮ್ಯಾನುಯೆಲ್ ಫ್ರೆಡರಿಕ್ ಅವರ ಹೆಸರನ್ನು ಜೋಡಿಸುತ್ತಾರೆ. ಕಣ್ಣೂರಿನಲ್ಲಿ ಹುಟ್ಟಿ, ಸೇನೆಯ ಮೂಲಕ ಬೆಂಗಳೂರಿಗೆ ಬಂದು ಇಲ್ಲೇ ಬಾಳಿದ ಅವರು 1972ರ ಮ್ಯೂನಿಕ್ ಒಲಿಂಪಿಕ್ಸ್ ಕಂಚಿನ ತಂಡದ ಗೋಲ್‌ಕೀಪರ್. ಈಗಿನಂಥ ಹೆಲ್ಮೆಟ್ ಇಲ್ಲದ ಕಾಲದಲ್ಲಿ ಚೆಂಡಿಗೆ ಮುಖ ಒಡ್ಡಿ ನಿಂತವರು. ಶ್ರೀಜೇಶ್‌ಗಿಂತ ಮೊದಲು ಒಲಿಂಪಿಕ್ ಪದಕ ಗೆದ್ದ ಏಕೈಕ ಮಲಯಾಳಿ. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2019ರಲ್ಲಿ, ಪದಕ ಗೆದ್ದ 47 ವರ್ಷಗಳ ನಂತರ. 2025ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷ ಶ್ರೀಜೇಶ್‌ಗೆ ಪದ್ಮಭೂಷಣ ಘೋಷಣೆಯಾಗಿತ್ತು.

ಕನ್ನಡಿಗರ ಮಟ್ಟಿಗೆ ಹೋಲಿಕೆ ಇನ್ನೂ ಹತ್ತಿರದ್ದು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಶ್ರೀಜೇಶ್‌ಗಿಂತ ಒಂದೇ ವರ್ಷ ಕಿರಿಯರು, ಇಂಚಿಯಾನ್ ಚಿನ್ನದಲ್ಲಿಯೂ ಎರಡು ಒಲಿಂಪಿಕ್ಸ್‌ಗಳಲ್ಲಿಯೂ ಅವರ ಜೊತೆಗಾರರು. 264 ಪಂದ್ಯ, 72 ಗೋಲು, ಬಲಬದಿಯಿಂದ ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ನುಗ್ಗುವ ಆ ವೇಗ. ಟೋಕಿಯೊ ತಂಡದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ಆ ಕಂಚಿನ ಸಂಭ್ರಮ ತಣಿಯುತ್ತಿದ್ದ ಹೊತ್ತಿನಲ್ಲಿ, 2021ರ ಸೆಪ್ಟೆಂಬರ್ 30ರಂದು ರೂಪಿಂದರ್ ಪಾಲ್ ಸಿಂಗ್ ಮತ್ತು ಬೀರೇಂದ್ರ ಲಾಕ್ರಾ ನಿವೃತ್ತಿ ಪ್ರಕಟಿಸಿದರು, ಮರುದಿನ ಸುನಿಲ್ ಕೂಡ ಸಾಮಾಜಿಕ ಜಾಲತಾಣದಲ್ಲಿ ವಿದಾಯ ಹೇಳಿದರು. ಹದಿನಾಲ್ಕು ವರ್ಷಗಳ ಆಟ ಒಂದು ಪೋಸ್ಟ್‌ನಲ್ಲಿ ಮುಗಿಯಿತು ಎಂದು ಕೊಡಗಿನ ಅಭಿಮಾನಿಗಳು ನೊಂದುಕೊಂಡದ್ದರಲ್ಲಿ ಅರ್ಥವಿದೆ. ಕಥೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಬೇರೆ ಮಾತು. 2022ರ ಜಕಾರ್ತ ಏಷ್ಯಾ ಕಪ್‌ಗೆ ಹೊಸಬರ ತಂಡ ಕಳುಹಿಸುವಾಗ ಇದೇ ಹಿರಿಯರನ್ನು ಮತ್ತೆ ಕರೆಯಲಾಯಿತು, ರೂಪಿಂದರ್ ಗಾಯಗೊಂಡಾಗ ಲಾಕ್ರಾ ನಾಯಕರೂ ಸುನಿಲ್ ಉಪನಾಯಕರೂ ಆದರು, ತಂಡ ಜಪಾನ್ ತಂಡವನ್ನು 1-0ರಿಂದ ಸೋಲಿಸಿ ಕಂಚು ತಂದಿತು. ನಿವೃತ್ತಿ ಘೋಷಿಸಿದವರಲ್ಲೂ ಆಟ ಇನ್ನೂ ಉಳಿದಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕೊಡಗಿನಲ್ಲಿ ಈ ನಷ್ಟದ ಭಾವ ಸ್ವಲ್ಪ ಬೇರೆ ಬಗೆಯದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಒಲಿಂಪಿಯನ್ನರೂ ತಮ್ಮ ಮನೆತನದ ಹೆಸರಿನಲ್ಲಿ ಇಳಿಯುತ್ತಾರೆ. ನಾಪೋಕ್ಲುವಿನಲ್ಲಿ ನಡೆದ 2024ರ ಉತ್ಸವಕ್ಕೆ 360 ತಂಡಗಳು ಬಂದಿದ್ದವು. ದೇಶದ ಜರ್ಸಿ ಕಳಚಿದ ಆಟಗಾರ ಅಲ್ಲಿ ಕಣ್ಮರೆಯಾಗುವುದಿಲ್ಲ, ಬೇಸಿಗೆಯಲ್ಲಿ ಮೈದಾನದ ಅಂಚಿನಲ್ಲೇ ಸಿಗುತ್ತಾನೆ. ಆದ್ದರಿಂದ ಅಲ್ಲಿನವರ ದೂರು ‘ಇನ್ನು ಅವರ ಆಟ ನೋಡಲಾಗದು’ ಎಂಬುದಲ್ಲ, ‘ಅವರಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ’ ಎಂಬುದು.

ಪ್ಯಾರಿಸ್ ನಂತರ ರೂಢಿ ಬದಲಾಗುತ್ತಿರುವ ಲಕ್ಷಣ ಕಂಡಿದೆ. ಟೋಕಿಯೊದಲ್ಲಿ ಮಹಿಳಾ ತಂಡವನ್ನು ನಾಲ್ಕನೇ ಸ್ಥಾನಕ್ಕೆ ಒಯ್ದ ನಾಯಕಿ ರಾಣಿ ರಾಂಪಾಲ್ ಗಾಯದ ನಂತರ 2022ರ ವಿಶ್ವಕಪ್ ತಂಡದಿಂದ ಹೊರಗುಳಿದಿದ್ದರು. ಆ ಆಯ್ಕೆ ಅಭಿಮಾನಿಗಳಲ್ಲಿ ಬಹಳ ದಿನ ಚರ್ಚೆಯಾಗಿತ್ತು. 2024ರ ಅಕ್ಟೋಬರ್ 24ರಂದು, ದೆಹಲಿಯಲ್ಲಿ ಪುರುಷರ ತಂಡ ಜರ್ಮನಿ ವಿರುದ್ಧ ಆಡಿದ ದಿನ, ಅವರು ನಿವೃತ್ತಿ ಹೇಳಿದಾಗ ಅಲ್ಲಿಯೇ ಸನ್ಮಾನ ನಡೆಯಿತು, ಅವರ 28ನೇ ನಂಬರನ್ನೂ ನಿವೃತ್ತಗೊಳಿಸಲಾಯಿತು. ಗೌರವ ಬಂತು, ಆದರೆ ಆಡಿ ಹೋಗುವ ಅವಕಾಶವಲ್ಲ. 2025ರ ಏಪ್ರಿಲ್‌ನಲ್ಲಿ 320 ಪಂದ್ಯಗಳನ್ನಾಡಿದ ವಂದನಾ ಕಟಾರಿಯಾ, ಜೂನ್‌ನಲ್ಲಿ ಲಲಿತ್ ಉಪಾಧ್ಯಾಯ ವಿದಾಯ ಹೇಳಿದ್ದು ಮತ್ತೆ ಜಾಲತಾಣದ ಮೂಲಕವೇ. ಹೊಸ ರೂಢಿಯೇನಾದರೂ ಬಂದಿದ್ದರೆ, ಅದು ಈವರೆಗೆ ಪೂರ್ಣವಾಗಿ ದಕ್ಕಿದ್ದು ಶ್ರೀಜೇಶ್ ಒಬ್ಬರಿಗೇ ಎಂಬ ಟೀಕೆಯನ್ನು ಸುಲಭವಾಗಿ ತಳ್ಳಿಹಾಕಲಾಗದು.

ಶ್ರೀಜೇಶ್ ಅಭಿಮಾನಿಗಳೂ ಒಪ್ಪುವ ಇನ್ನೊಂದು ಮುಖವೂ ಇದಕ್ಕಿದೆ. ಗೋಲ್‌ಕೀಪರ್ ಸ್ಥಾನ ಒಂದೇ. ಒಬ್ಬರು ಹದಿನೆಂಟು ವರ್ಷ ಆಡಿದರೆ ಹಿಂದೆ ನಿಂತವರ ಒಳ್ಳೆಯ ವರ್ಷಗಳು ಕಾಯುವುದರಲ್ಲೇ ಸವೆಯುತ್ತವೆ. ಕೃಷನ್ ಬಹಾದೂರ್ ಪಾಠಕ್ 2018ರಿಂದಲೂ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದ ಶಿಬಿರಗಳಲ್ಲಿ ಶ್ರೀಜೇಶ್ ಪಕ್ಕದ ಪೆಟ್ಟಿಗೆಯಲ್ಲಿ ಅಭ್ಯಾಸ ಮಾಡಿದವರು. ಇತರ ಟೂರ್ನಿಗಳಲ್ಲಿ ಇಬ್ಬರೂ ಕ್ವಾರ್ಟರ್ ಹಂಚಿಕೊಂಡು ಆಡುತ್ತಿದ್ದರೂ ಒಲಿಂಪಿಕ್ಸ್‌ನ ಹದಿನಾರು ಜನರ ತಂಡದಲ್ಲಿ ಎರಡನೇ ಗೋಲ್‌ಕೀಪರ್‌ಗೆ ಜಾಗವಿರಲಿಲ್ಲ. ಪ್ಯಾರಿಸ್‌ಗೂ ಅವರು ಮೀಸಲು ಆಟಗಾರರಾಗಿಯೇ ಹೋಗಿದ್ದರು. 2025ರ ಸೆಪ್ಟೆಂಬರ್ 7ರಂದು ರಾಜ್‌ಗೀರ್‌ನಲ್ಲಿ ಭಾರತ ಕೊರಿಯಾ ತಂಡವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದು 2026ರ ವಿಶ್ವಕಪ್‌ಗೆ ಅರ್ಹತೆ ಪಡೆದಾಗ, ತಂಡದ ಗೋಲ್‌ಕೀಪರ್‌ಗಳಾಗಿ ಇದ್ದವರು ಪಾಠಕ್ ಮತ್ತು ಸೂರಜ್ ಕರ್ಕೇರ, ಇಬ್ಬರೂ ಶ್ರೀಜೇಶ್ ನೆರಳಿನಲ್ಲಿ ವರ್ಷಗಟ್ಟಲೆ ಕಾದವರು.