ಹಾರ್ಡ್ ಡಿಸ್ಕ್ ಕೈಕೊಡುವಾಗ: ಮೊದಲು ನಕಲು, ಆಮೇಲೆ ರಿಪೇರಿ

ಹಾರ್ಡ್ ಡಿಸ್ಕ್ ಎಷ್ಟೋ ಸಲ ಮುನ್ಸೂಚನೆ ಕೊಟ್ಟೇ ಕೆಡುತ್ತದೆ. ಒಂದು ಫೋಲ್ಡರ್ ತೆರೆಯಲು ಅರ್ಧ ನಿಮಿಷ ಹಿಡಿಯುತ್ತದೆ. ಕೆಲಸದ ನಡುವೆ ಪರದೆ ಸುಮ್ನೆ ನಿಂತುಬಿಡುತ್ತದೆ. ಆನ್ ಮಾಡಿದಾಗ ತಾನಾಗಿಯೇ ಡಿಸ್ಕ್ ಚೆಕಿಂಗ್ ಶುರುವಾಗುತ್ತದೆ. ಹೊಸದಾಗಿ ಕಲಿಯುವವರಿಗೆ ಆಗ ಕೈ ತುರಿಸುತ್ತದೆ: ಡಿಸ್ಕ್‌ನ ತಪ್ಪು ಹುಡುಕಿ ತಿದ್ದುವ ಚೆಕ್‌ಡಿಸ್ಕ್ ಓಡಿಸೋಣ, ಚದುರಿದ ಫೈಲ್ ಚೂರುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಮಾಡೋಣ, ವಿಂಡೋಸ್ ಮತ್ತೆ ಹಾಕಿ ನೋಡೋಣ ಅಂತ. ಯಾವುದನ್ನೂ ಮಾಡಬೇಡಿ.

ಮಂಡ್ಯದ ಕಡೆಯವರಿಗೆ ನಾಲೆಗೆ ಸರದಿಯಂತೆ ಬಿಡುವ ಕಟ್ಟು ನೀರಿನ ಲೆಕ್ಕ ಗೊತ್ತು. ನಾಲೆಗೆ ಕೊನೆಯ ಕಟ್ಟು ಬಿಟ್ಟಾಗ ಆ ನೀರನ್ನು ಹೊಡೆ ಒಡೆಯುತ್ತಿರುವ ಭತ್ತಕ್ಕೆ ಹಾಯಿಸುತ್ತೇವೆಯೇ ಹೊರತು ಕಾಲುವೆ ತೊಳೆಯಲು ಬಳಸುವುದಿಲ್ಲ. ಕೆಡುತ್ತಿರುವ ಡಿಸ್ಕ್‌ಗೂ ಇನ್ನೆಷ್ಟು ಓದುವ ಶಕ್ತಿ ಉಳಿದಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಉಳಿದದ್ದೆಲ್ಲ ನಕಲಿಗೇ ಹೋಗಬೇಕು.

ಮೊದಲು ಸ್ಮಾರ್ಟ್ ವರದಿ ನೋಡಿ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುವ ವ್ಯವಸ್ಥೆ ಇದು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಇದನ್ನು ತೋರಿಸುತ್ತವೆ. ಪಟ್ಟಿ ಉದ್ದವಿದ್ದರೂ ನಮಗೆ ಬೇಕಾದದ್ದು ನಾಲ್ಕೇ ಸಾಲು. 5ನೇ ನಂಬರು, ಕೆಟ್ಟ ಸೆಕ್ಟರ್‌ಗಳ (ಡಿಸ್ಕ್ ಡೇಟಾ ಬರೆದಿಡುವ ಸಣ್ಣ ಸಣ್ಣ ತುಂಡುಗಳ) ಬದಲಿಗೆ ಬಿಡಿ ಸೆಕ್ಟರ್ ಎಷ್ಟು ಬಳಕೆಯಾಗಿದೆ ಎನ್ನುತ್ತದೆ. 197 ಅಂದರೆ ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. 198, ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಂಡಾಗ ಓದಲು ಆಗದೇ ಹೋದವು. 199 ಏರುತ್ತಿದ್ದರೆ ಹೆಚ್ಚಾಗಿ ತಪ್ಪು ಡಿಸ್ಕ್‌ನದ್ದಲ್ಲ, ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್‌ನದ್ದು. ಡಿಸ್ಕ್ ಬದಲಿಸುವ ಮುಂಚೆ ಕೇಬಲ್ ಬದಲಿಸಿ ನೋಡಿ, ಕಾಸು ಉಳಿಯಬಹುದು.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಕಚ್ಚಾ ಅಂಕಿಯನ್ನು ಮೊದಲಿಗೆ ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಅಲ್ಲಿ 10 ಅಂತ ಕಂಡರೆ ಅದು ಹದಿನಾರು. ಇನ್ನೊಂದು, ಸ್ಮಾರ್ಟ್‌ಮಾನ್‌ಟೂಲ್ಸ್ ವರದಿಯ ತಲೆಯಲ್ಲಿ ‘ಪಾಸ್ಡ್’ ಅಂತ ಇದ್ದರೆ ನೆಮ್ಮದಿಯಾಗಿ ಇರಬೇಡಿ. ಕಂಪನಿ ಇಟ್ಟ ಮಿತಿ ದಾಟುವವರೆಗೂ ಅದು ಪಾಸೇ. 197 ಸೊನ್ನೆಗಿಂತ ಮೇಲೆ ಹೋಗಿ ದಿನೇ ದಿನೇ ಏರುತ್ತಿದ್ದರೆ ನನ್ನ ಲೆಕ್ಕದಲ್ಲಿ ಆ ಡಿಸ್ಕ್ ನಿವೃತ್ತ. ಫುಲ್ ಫಾರ್ಮ್ಯಾಟ್ ಮಾಡಿದರೆ ಈ ಅಂಕಿ ಸೊನ್ನೆಗೆ ಇಳಿಯಬಹುದು. ಮೇಲೆ ಹೊಸದಾಗಿ ಬರೆದಾಗ ಕಾಯುತ್ತಿದ್ದ ಸೆಕ್ಟರ್‌ಗಳ ತೀರ್ಮಾನ ಆಗಿಬಿಡುತ್ತದೆ, ಅಷ್ಟೇ. ಒಳಗಿದ್ದ ಡೇಟಾ ಅದರ ಜೊತೆಗೇ ಹೋಗಿರುತ್ತದೆ.

ಕಟ್, ಕಟ್ ಅಂತ ಒಂದೇ ತಾಳದಲ್ಲಿ ಸದ್ದು ಬರುತ್ತಿದ್ದರೆ ವಿಷಯ ಬೇರೆ. ಒಳಗೆ ತಿರುಗುವ ತಟ್ಟೆಯಿಂದ ಡೇಟಾ ಓದುವ ಹೆಡ್ ಕೆಟ್ಟಿರಬಹುದು. ತಕ್ಷಣ ಆಫ್ ಮಾಡಿ. ಡೇಟಾ ಬೇಕೇ ಬೇಕು ಅಂದರೆ ರಿಕವರಿ ಲ್ಯಾಬ್‌ಗೆ ಕೊಡಬೇಕು. ಮುಚ್ಚಳ ಬಿಚ್ಚಿ ನೋಡುವುದು, ಫ್ರೀಜರ್‌ನಲ್ಲಿ ಇಡುವುದು ಬೇಡ. ಹೆಡ್ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ, ಅದರ ಮುಂದೆ ನಮ್ಮ ಮನೆಯ ಧೂಳಿನ ಕಣ ಬಂಡೆ. ಮಂಡ್ಯದಿಂದ ಮೈಸೂರಿಗೆ ಒಯ್ಯುವುದಾದರೆ ಫೋಮ್ ಸುತ್ತಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಸ್ಕೂಟರಿನ ಡಿಕ್ಕಿಯಲ್ಲಿ ಸ್ಪ್ಯಾನರ್ ಜೊತೆ ಹಾಕಿ ಹಂಪ್ ಹಾರಿಸಬೇಡಿ.

ಸದ್ದಿಲ್ಲ, ಡಿಸ್ಕ್ ಇನ್ನೂ ಓದುತ್ತಿದೆ ಅಂದರೆ ನಕಲು ಶುರು ಮಾಡೋಣ. ಉದಾಹರಣೆಗೆ ಮಂಡ್ಯದ ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರ್ ಅಂದುಕೊಳ್ಳಿ. 500 ಜಿಬಿ ಡಿಸ್ಕ್, ತುಂಬಾ ಲಗ್ನಪತ್ರಿಕೆ, ಬೀಗರ ಊಟದ ಕಾರ್ಡು, ತಿಥಿ ಕಾರ್ಡು. ಎಕ್ಸ್‌ಪ್ಲೋರರ್‌ನಲ್ಲಿ ಎಲ್ಲ ಆರಿಸಿ ಕಾಪಿ ಕೊಟ್ಟರೆ ಕೆಟ್ಟ ಫೈಲ್ ಸಿಕ್ಕ ಕಡೆ ನಿಂತು ಅದನ್ನೇ ಕೆರೆಯುತ್ತಾ ಕೂರುತ್ತದೆ. ಸಾವಿರಾರು ಸಣ್ಣ ಫೈಲ್‌ಗಳಿಗಾಗಿ ಹೆಡ್ ಅತ್ತಿಂದಿತ್ತ ಓಡಾಡುವುದೂ ಜಾಸ್ತಿ. ಅದಕ್ಕೇ ನಾನು ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ನೇರ ಓಡುವ ಲಿನಕ್ಸ್) ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನುವ ನಕಲು ಪ್ರೋಗ್ರಾಂ ಬಳಸುತ್ತೇನೆ. ಇದು ಮೊದಲ ಸುತ್ತಿನಲ್ಲಿ ಚೆನ್ನಾಗಿರುವ ಜಾಗವನ್ನೆಲ್ಲ ಬೇಗ ಬೇಗ ಬಾಚಿಕೊಳ್ಳುತ್ತದೆ, ತೊಂದರೆ ಕೊಟ್ಟ ಕಡೆ ಹಾರಿ ಮುಂದೆ ಹೋಗುತ್ತದೆ. ಕೆಟ್ಟ ಜಾಗಕ್ಕೆ ಮತ್ತೆ ಕೈ ಹಾಕುವುದು ಕೊನೆಗೆ. ಎಲ್ಲಿಯವರೆಗೆ ಬಂದಿದೆ ಅನ್ನುವುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಳ್ಳುತ್ತಾ ಹೋಗುತ್ತದೆ. ಮಧ್ಯೆ ಕರೆಂಟ್ ಹೋದರೂ ಅದೇ ಮ್ಯಾಪ್ ಫೈಲ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ನಮ್ಮ ಊರುಗಳಿಗೆ ಇದೊಂದೇ ಗುಣ ಸಾಕು, ಅಲ್ವಾ? ಮ್ಯಾಪ್ ಫೈಲನ್ನು ಮಾತ್ರ ಲೈವ್ ಸಿಸ್ಟಂನ ಡೆಸ್ಕ್‌ಟಾಪಿನಲ್ಲಿ ಇಡಬೇಡಿ, ಅದು ರ್‍ಯಾಮ್‌ನಲ್ಲಿರುತ್ತದೆ, ಕರೆಂಟ್ ಜೊತೆಗೇ ಮಾಯ. ಬೇರೊಂದು ಪೆನ್‌ಡ್ರೈವ್‌ನಲ್ಲಿ ಇಡಿ.

ಕಮಾಂಡ್‌ನಲ್ಲಿ ಮೊದಲು ಬರುವುದು ಹಳೆಯ ಡಿಸ್ಕ್, ಆಮೇಲೆ ಹೊಸದು, ಕೊನೆಗೆ ಮ್ಯಾಪ್ ಫೈಲ್. ಅದಲು ಬದಲಾದರೆ ಖಾಲಿ ಡಿಸ್ಕ್ ಹೋಗಿ ತುಂಬಿದ ಡಿಸ್ಕ್ ಮೇಲೆ ಕೂರುತ್ತದೆ. ಎಂಟರ್ ಒತ್ತುವ ಮುಂಚೆ ಡಿಸ್ಕ್‌ಗಳ ಮಾಡೆಲ್ ಮತ್ತು ಸೀರಿಯಲ್ ನಂಬರನ್ನು ಲೇಬಲ್ ಜೊತೆ ಹೋಲಿಸಿ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳನ್ನು ನಂಬಬೇಡಿ, ಪ್ರತಿ ಬೂಟ್‌ಗೂ ಬದಲಾಗಬಹುದು.

ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಅಂಗಡಿಯಲ್ಲಿ 480 ಜಿಬಿ ಎಸ್‌ಎಸ್‌ಡಿ ತೋರಿಸಿ ‘ಅದೂ ಇದೂ ಒಂದೇ’ ಅಂದರೆ ಒಪ್ಪಬೇಡಿ, 500 ಜಿಬಿಯ ಪೂರ್ತಿ ನಕಲು ಅದರಲ್ಲಿ ಹಿಡಿಯುವುದಿಲ್ಲ. ಸಮಯದ ಅಂದಾಜೂ ಇರಲಿ. ಹಳೆಯ ಯುಎಸ್‌ಬಿ 2.0 ಪೋರ್ಟ್‌ನಲ್ಲಿ ಸೆಕೆಂಡಿಗೆ 35 ಎಂಬಿ ಸಿಕ್ಕರೆ 500 ಜಿಬಿಗೆ ಸುಮಾರು 4 ಗಂಟೆ. ಅದೂ ಡಿಸ್ಕ್ ಚೆನ್ನಾಗಿದ್ದರೆ. ಕೆಟ್ಟದ್ದು ದಿನಗಟ್ಟಲೆ ಎಳೆಯಬಹುದು.

ನಕಲು ಮುಗಿದ ಮೇಲೆ ಚೆಕ್‌ಡಿಸ್ಕ್ ಓಡಿಸಿ, ಆದರೆ ನಕಲಿನ ಮೇಲೆ. ಜೋಡಿಸುವುದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ: ಕೆಲವು ಸ್ಕ್ರೂ, ಎರಡು ಕೇಬಲ್. ಮೊದಲ ಬೂಟ್‌ನಲ್ಲಿ ಹಳೆಯ ಡಿಸ್ಕ್ ಕಳಚಿರಲಿ. ಎರಡಕ್ಕೂ ಒಂದೇ ಗುರುತು ಇರುವುದರಿಂದ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಆಫ್‌ಲೈನ್ ಮಾಡುತ್ತದೆ. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಮೊದಲೇ ಬರೆದಿಟ್ಟುಕೊಂಡಿರಬೇಕು.

ಪೂರ್ತಿ ನಕಲು ಬೇಡ, ಹೊಸದಾಗಿ ವಿಂಡೋಸ್ ಹಾಕಿ ಫೈಲ್ ಮಾತ್ರ ತರುತ್ತೇನೆ ಅನ್ನುವವರು ಫಾಂಟ್ ಮರೆಯಬಾರದು. ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತ ಯೂನಿಕೋಡ್ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ಮದುವೆ ಕಾರ್ಡ್ ತೆರೆದರೆ ‘ಡೇಟಾ ಕರಪ್ಟ್ ಆಗಿದೆ’ ಅಂತ ಗಿರಾಕಿ ಗಾಬರಿಯಾಗುತ್ತಾರೆ. ಫೈಲ್ ಸರಿಯಾಗೇ ಇರುತ್ತದೆ. ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ನಕಲು ಮಾಡಿಟ್ಟುಕೊಳ್ಳಿ. ಟ್ಯಾಲಿ ಡೇಟಾ ಕೂಡ ಡಾಕ್ಯುಮೆಂಟ್ಸ್‌ನಲ್ಲಿ ಇರದೆ ತನ್ನದೇ ಫೋಲ್ಡರ್‌ನಲ್ಲಿ ಕೂತಿರುವುದು ಹೆಚ್ಚು. ಎಲ್ಲಿದೆ ಅಂತ ಟ್ಯಾಲಿಯ ಒಳಗೇ ನೋಡಿ.

ಇನ್ನು ಮುಂದಿನ ಬ್ಯಾಕಪ್. ಎರಡು ಎಕ್ಸ್‌ಟರ್ನಲ್ ಡಿಸ್ಕ್ ತಂದು ವಾರ ಬಿಟ್ಟು ವಾರ ಬಳಸಿ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ಸದಾ ಚುಚ್ಚಿಯೇ ಇಟ್ಟರೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದಾಗ ಅದೂ ಜೊತೆಗೇ ಹೋಗುತ್ತದೆ. ಆಗಾಗ ಒಂದೆರಡು ಫೈಲನ್ನು ಬ್ಯಾಕಪ್‌ನಿಂದಲೇ ತೆರೆದು ನೋಡಿ.

ಹಳೆಯ ಡಿಸ್ಕನ್ನು ಒಂದೆರಡು ತಿಂಗಳು ಇಟ್ಟುಕೊಂಡಿರಿ, ಬಿಟ್ಟುಹೋದ ಫೈಲ್ ಆಮೇಲೆ ನೆನಪಾಗುತ್ತದೆ. ಗುಜರಿಗೆ ಹಾಕುವಾಗ ಕ್ವಿಕ್ ಫಾರ್ಮ್ಯಾಟ್ ನಂಬಬೇಡಿ, ಅದು ಡೇಟಾ ಅಳಿಸುವುದಿಲ್ಲ. ಗಿರಾಕಿಗಳ ಆಧಾರ್ ಪ್ರತಿಗಳೂ ಅದರಲ್ಲಿ ಇರುತ್ತವೆ. ಬರೆಯಲು ಒಪ್ಪುವ ಡಿಸ್ಕ್ ಆದರೆ ಪೂರ್ತಿ ಸೊನ್ನೆ ತುಂಬಿ. ಒಪ್ಪದಿದ್ದರೆ ತಟ್ಟೆಗೆ ಡ್ರಿಲ್ ಹಾಕಿ. ಲ್ಯಾಪ್‌ಟಾಪ್ ಡಿಸ್ಕ್‌ನ ತಟ್ಟೆ ಎಷ್ಟೋ ಸಲ ಗಾಜಿನದ್ದಾಗಿರುತ್ತದೆ, ಚೂರು ಸಿಡಿಯುತ್ತದೆ. ಕಣ್ಣಿಗೆ ಗಾಗಲ್ ಹಾಕಿಕೊಂಡೇ ಮಾಡಿ.